ಒಂದೇ ಶಟರ್‌ನ ಮರಗೆಲಸದ ಅಂಗಡಿಯಲ್ಲಿ ಪಾಲಿಶ್: ಆಯ್ಕೆ ಮತ್ತು ಬಳಿಯುವ ಕ್ರಮ

ಯಾವ ಪಾಲಿಶ್ ಎಂದು ತೀರ್ಮಾನಿಸುವ ಮೊದಲು ಆ ವಸ್ತು ಮನೆಯಲ್ಲಿ ಏನನ್ನೆಲ್ಲ ತಾಳಿಕೊಳ್ಳಬೇಕು ಎಂಬುದನ್ನು ವಿಚಾರಿಸಬೇಕು. ಬಿಸಿ ಕಾಫಿ ಲೋಟ ಇಡುವ ಊಟದ ಮೇಜಿಗೆ ಅರಗಿನ ಪಾಲಿಶ್ ಹೊಂದುವುದಿಲ್ಲ. ಬಿಸಿಗೆ ಅದರ ಮೇಲೆ ಬಿಳಿಯ ಉಂಗುರ ಮೂಡುತ್ತದೆ. ಅಲ್ಲಿಗೆ ಗಟ್ಟಿ ಪದರ ಕಟ್ಟುವ ರಾಸಾಯನಿಕ ಪಾಲಿಶ್‌ಗಳಾದ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಸರಿ. ಆದರೆ ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಯುವ ದಸರೆ ಬೊಂಬೆಯ ಹಲಗೆಗಳಿಗೆ, ಬೀಟೆಮರದಲ್ಲಿ ಬೇರೆ ಬಣ್ಣದ ಮರದ ತುಂಡುಗಳನ್ನು ಕೂರಿಸಿ ಚಿತ್ತಾರ ಮಾಡಿದ ಇನ್‌ಲೇ ಫಲಕಗಳಿಗೆ ಅರಗೇ ಮೇಲೆಂಬುದು ನನ್ನ ಅಭಿಪ್ರಾಯ. ಅದು ತೆಳುವಾಗಿ ಕೂರುತ್ತದೆ, ಬೇಗ ಒಣಗುತ್ತದೆ, ಗೀರು ಬಿದ್ದ ಕಡೆ ಮತ್ತೊಂದು ಕೈ ಬಳಿದರೆ ಹಳೆಯ ಪದರ ಸ್ಪಿರಿಟ್‌ಗೆ ಕರಗಿ ಹೊಸದರೊಡನೆ ಬೆರೆತುಹೋಗುತ್ತದೆ. ಚುನಾವಣೆಯ ಶಾಯಿಗೆ ಹೆಸರಾದ ನಮ್ಮೂರು ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ಹುಟ್ಟಿದಾಗ ಅದರ ಹೆಸರಿನಲ್ಲೇ ಅರಗು ಇತ್ತು.

ಮರವನ್ನು 120, 180, 220ರ ಉಪ್ಪುಕಾಗದಗಳಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಎಳೆಯ ದಿಕ್ಕಿನಲ್ಲೇ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎದ್ದ ನಾರುಗಳನ್ನು 220ರಿಂದ ಹಗುರವಾಗಿ ತೆಗೆಯಬೇಕು. ಗುಡಿಸಿದ ಕೂಡಲೇ ಬಳಿಯಬಾರದು. ದೂಳು ಕೆಳಗಿಳಿಯಲು ಅರ್ಧ ಗಂಟೆಯಾದರೂ ಬಿಡಬೇಕು.

ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 200 ಗ್ರಾಂ ಚಪಡಾ (ತೆಳು ಚಕ್ಕೆಗಳ ರೂಪದ) ಅರಗನ್ನು ಗಾಜಿನ ಪಾತ್ರೆಯಲ್ಲಿ ರಾತ್ರಿಯಿಡೀ ನೆನೆಹಾಕಿ, ತೆಳುವಾದ ಪಂಚೆಯ ತುಂಡಿನಲ್ಲಿ ಸೋಸಬೇಕು. ಕಬ್ಬಿಣದ ಡಬ್ಬಿಯಲ್ಲಿ ಇಟ್ಟರೆ ಬಣ್ಣ ಕಪ್ಪಾಗುತ್ತದೆ. ಹತ್ತಿಯನ್ನು ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಉಂಡೆ ಕಟ್ಟಿ ಅದ್ದಿಕೊಳ್ಳಿ. ಅಂಗೈಗೆ ಒತ್ತಿದರೆ ತೇವ ತಾಗಬೇಕು, ತೊಟ್ಟಿಕ್ಕಬಾರದು. ಕೈ ಮರದ ಮೇಲೆ ಎಲ್ಲಿಯೂ ನಿಲ್ಲಬಾರದು. ನಿಂತರೆ ಕೆಳಗಿನ ಪದರ ಕಿತ್ತುಬರುತ್ತದೆ. ಮೂರು ನಾಲ್ಕು ಕೈ ಆದ ಮೇಲೆ 400ರ ಕಾಗದದಿಂದ ಸವರಿ ಮುಂದುವರಿಯಿರಿ.

ಇನ್‌ಲೇ ಕೆಲಸದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬೀಟೆಯ ಬಣ್ಣ ಸ್ಪಿರಿಟ್‌ನಲ್ಲಿ ಕರಗುವುದರಿಂದ, ಅಡ್ಡಡ್ಡ ಉಜ್ಜಿದರೆ ಪಕ್ಕದ ತಿಳಿಬಣ್ಣದ ತುಂಡುಗಳ ಮೇಲೆ ಕೆಂಗಂದು ಹರಡಿ, ವಾರಗಟ್ಟಲೆ ಕೂರಿಸಿದ ಚಿತ್ತಾರ ಒಂದು ಕ್ಷಣದಲ್ಲಿ ಮಂಕಾಗುತ್ತದೆ. ಮೊದಲ ಎರಡು ಕೈಗಳನ್ನು ಸಣ್ಣ ಕುಂಚದಿಂದ, ತಿಳಿ ಮರದಿಂದ ಬೀಟೆಯ ಕಡೆಗೆ ಎಳೆಯುತ್ತ, ತೀರಾ ತೆಳುವಾಗಿ ಬಳಿದು ಮರದ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಸಿದ ಮೇಲಷ್ಟೇ ಉಂಡೆ ಹಿಡಿಯಬೇಕು.

ಮೈಸೂರಿನಲ್ಲಿ ಬೊಂಬೆ ಹಲಗೆಯ ಬೇಡಿಕೆಯೂ ಹಿಂಗಾರಿನ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಮೋಡ ಕವಿದ ಸಂಜೆ ಅವಸರದಲ್ಲಿ ಬಳಿದ ಒಂದು ಹಲಗೆ ಬೆಳಿಗ್ಗೆ ಮಂಜು ಹಿಡಿದ ಕನ್ನಡಿಯಂತೆ ಬೆಳ್ಳಗಾಗಿದ್ದನ್ನು ನಾನೇ ಕಂಡಿದ್ದೇನೆ. ಸ್ಪಿರಿಟ್ ಆರುವಾಗ ಮೇಲ್ಮೈ ತಂಪಾಗಿ ಗಾಳಿಯ ತೇವ ಪದರದೊಳಗೆ ಸೇರಿಕೊಂಡಿತ್ತು. ಬಿಸಿಲು ಬಂದ ದಿನ ಸ್ಪಿರಿಟ್ ತಾಗಿಸಿದ ಉಂಡೆಯಿಂದ ಹಗುರವಾಗಿ ಸವರಿದಾಗ ಅದು ತಿಳಿಯಾಯಿತು.

ಮೆಲಮೈನ್, ಪಿಯುಗಳಿಗೆ ಹಾರ್ಡನರನ್ನು (ಪದರ ಗಟ್ಟಿಯಾಗಲು ಸೇರಿಸುವ ದ್ರವ) ಡಬ್ಬಿಯ ಮೇಲಿನ ಅಳತೆಯಂತೆಯೇ ಬೆರೆಸಿ, ಬಾಗಿಲು ತೆರೆದಿಟ್ಟು, ಆವಿ ಸೋಸುವ ಕಾರ್ಟ್ರಿಜ್ ಇರುವ ಮಾಸ್ಕ್ ಧರಿಸಬೇಕು, ಕರವಸ್ತ್ರ ಸಾಲದು. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಎಣ್ಣೆ ಒಣಗುವಾಗ ಹುಟ್ಟುವ ಶಾಖದಿಂದ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಶಟರ್ ಎಳೆಯುವ ಮುನ್ನ ಅದನ್ನು ಹೊರಗೆ ಬಿಡಿಸಿ ಹರಡಿ, ಇಲ್ಲವೇ ನೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ.