ಹಳೆಯ ಸಣ್ಣ ಕಾರು ಕೊಳ್ಳುವಿರಾ? ಎಂಜಿನ್ ತಣ್ಣಗಿರುವಾಗಲೇ ಪರೀಕ್ಷಿಸಿ

ಒಂದೂವರೆ, ಎರಡು ಲಕ್ಷ ರೂಪಾಯಿಗೆ ಹಳೆಯ ಆಲ್ಟೊ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಬಣ್ಣದ ಹೊಳಪು, ಸೀಟಿನ ಕವರು ಮತ್ತು ಮೀಟರಿನಲ್ಲಿರುವ ಕಿಲೋಮೀಟರು ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ನನ್ನ ಭಾವನವರು 2014ರ ಆಲ್ಟೊ 800 ಕಾರನ್ನು ಕೊಂಡದ್ದೂ ಹಾಗೆಯೇ. ಮಾರುವವರು ಅದನ್ನು ಮನೆಯ ಬಾಗಿಲಿಗೇ ಓಡಿಸಿಕೊಂಡು ಬಂದಿದ್ದರಿಂದ ಎಂಜಿನ್ ಆಗಲೇ ಬಿಸಿಯಾಗಿತ್ತು, ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ತಿಂಗಳು ಕಳೆಯುವ ಮೊದಲೇ, ಧರ್ಮಸ್ಥಳದಿಂದ ಚಿಕ್ಕಮಗಳೂರಿಗೆ ಮರಳುವಾಗ, ಚಾರ್ಮಾಡಿ ಘಾಟಿಯ ಏರಿನಲ್ಲಿ ಅದು ಕಾದು ಆವಿ ಎಬ್ಬಿಸಿ ನಿಂತಿತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿತ್ತು. ಗಾಡಿಯನ್ನು ಎಳೆದು ತಂದ ಬಾಡಿಗೆಯೂ ಸೇರಿ ಹದಿನಾರು ಸಾವಿರಕ್ಕೂ ಹೆಚ್ಚು ಖರ್ಚಾಯಿತು. ಆ ಬಳಿಕ ಪರಿಚಿತರಿಗಾಗಿ ಹಲವು ಕಾರುಗಳನ್ನು ನೋಡಲು ಹೋಗಿದ್ದೇನೆ. ಕೊಳ್ಳುವ ಮೊದಲು ಕಾರು ನೋಡುವ ಈ ಹಂತದಲ್ಲೇ ಜನ ಎಡವುವುದು.

ಮುಂದೆ ಹೇಳುವ ಖರ್ಚುಗಳು ನಮ್ಮ ಕಡೆಯ ಸಾಮಾನ್ಯ ಗ್ಯಾರೇಜುಗಳಲ್ಲಿ ಬಿಡಿಭಾಗ ಮತ್ತು ಲೇಬರ್ ಸೇರಿ ನಾನು ಕಂಡ ಅಂದಾಜುಗಳು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಇದಕ್ಕಿಂತ ಹೆಚ್ಚಾಗುತ್ತದೆ.

ಮೊದಲ ಹೆಜ್ಜೆಯಾಗಿ, ಕಾರು ನಿಂತಿರುವಲ್ಲಿಗೆ ನೀವೇ ಬೆಳಿಗ್ಗೆ ಬೇಗ ಹೋಗಿ, ಅದುವರೆಗೆ ಸ್ಟಾರ್ಟ್ ಮಾಡದಿರುವಂತೆ ಹಿಂದಿನ ದಿನವೇ ತಿಳಿಸಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಆ ದಿನದ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟು ಇನ್ನೊಂದು ದಿನ ಬರುವುದಾಗಿ ಹೇಳಿ ಹೊರಡಬೇಕೆಂಬುದು ನನ್ನ ಖಚಿತ ಸಲಹೆ.

ಎರಡನೆಯದು ಕೂಲಿಂಗ್ ವ್ಯವಸ್ಥೆ. ಎಂಜಿನ್ ಪೂರ್ತಿ ತಣ್ಣಗಿರುವುದು ಖಚಿತವಾದ ಮೇಲೆಯೇ ರೇಡಿಯೇಟರಿನ ಮುಚ್ಚಳ ತೆಗೆಯಿರಿ. ಬಿಸಿಯಾಗಿರುವಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಒಳಗೆ ಹಸಿರೋ ನೀಲಿಯೋ ಗುಲಾಬಿಯೋ ಬಣ್ಣದ ತಿಳಿಯಾದ ಕೂಲಂಟ್ (ಎಂಜಿನ್ ತಣಿಸುವ ದ್ರವ) ಕಂಡರೆ ಒಳ್ಳೆಯದು. ಕಂದು ಬಣ್ಣದ ತುಕ್ಕುನೀರಿದ್ದರೆ ವರ್ಷಗಟ್ಟಲೆ ಬರಿಯ ನೀರು ಸುರಿದಿದ್ದಾರೆಂದು ತಿಳಿಯಿರಿ. ಕೋಲಾರ, ಚಿತ್ರದುರ್ಗದಂತಹ ಬಯಲು ಸೀಮೆಯಲ್ಲಿ ಓಡಿದ ಕಾರಾದರೆ ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ಕೊಳವೆಬಾವಿಯ ಗಡಸು ನೀರಿನ ಲವಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರಗಟ್ಟಿ ಅವನ್ನು ಮುಚ್ಚಿಬಿಡುತ್ತದೆ. ಸೋರಿಕೆ ನಿಲ್ಲಿಸಲೆಂದು ಅರಿಶಿನ ಪುಡಿಯನ್ನೋ ಅಂಗಡಿಯಲ್ಲಿ ಸಿಗುವ ದ್ರಾವಣವನ್ನೋ ಸುರಿಯುವವರಿದ್ದಾರೆ. ಅವು ಸೋರುವ ತೂತಿನ ಜೊತೆಗೆ ಸರಿಯಾಗಿರುವ ಕೊಳವೆಗಳನ್ನೂ ಕಟ್ಟಿಸುವುದರಿಂದ ಅಂತಹ ಕೆಸರು ಕಂಡ ಕಾರನ್ನು ನಾನು ಕೊಳ್ಳಲು ಹೇಳುವುದಿಲ್ಲ. ಹೊಸ ರೇಡಿಯೇಟರಿಗೆ ಸುಮಾರು 4,000 ರೂಪಾಯಿಯಾಗುತ್ತದೆ.

ಈಗ ಮುಚ್ಚಳ ತೆರೆದಿಟ್ಟೇ, ಮಟ್ಟ ಬಾಯಿಯವರೆಗೆ ಇರುವಂತೆ ನೋಡಿಕೊಂಡು, ಎಂಜಿನ್ ಸ್ಟಾರ್ಟ್ ಮಾಡಿಸಿ. ಮೊದಲು ನಾಲ್ಕಾರು ಗುಳ್ಳೆಗಳು ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ಎರಡು ಮೂರು ನಿಮಿಷ ಕಳೆದರೂ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೆ ಸಿಲಿಂಡರಿನ ಅನಿಲ ಗ್ಯಾಸ್ಕೆಟ್ ದಾಟಿ ನೀರಿಗೆ ನುಗ್ಗುತ್ತಿದೆ ಎಂದರ್ಥ. ಕಾರು ಬಿಸಿಯೇರುವ ಮೊದಲೇ ಎಂಜಿನ್ ನಿಲ್ಲಿಸಿ ರೇಡಿಯೇಟರಿನ ಮುಚ್ಚಳ ಹಾಕಿ, ಆಯಿಲ್ ಹಾಕುವ ಮುಚ್ಚಳದ ಒಳಬದಿ ಮತ್ತು ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎರಡನ್ನೂ ನೋಡಿ. ಹಾಲು ಬೆರೆಸಿದ ಕಾಫಿಯಂತಹ ಬಣ್ಣ ಡಿಪ್‌ಸ್ಟಿಕ್ಕಿನಲ್ಲೂ ಇದ್ದರೆ ಆಯಿಲಿಗೆ ನೀರು ಸೇರಿದೆ. ಮಳೆಗಾಲದ ಮಲೆನಾಡಿನಲ್ಲಿ ಬರಿಯ ಅರ್ಧ ಮೈಲಿ ಓಡಿಸಿ ನಿಲ್ಲಿಸುವ ಕಾರುಗಳ ಮುಚ್ಚಳದಲ್ಲಿ ಮಾತ್ರ ಒಂದಿಷ್ಟು ನೊರೆ ಕಟ್ಟುವುದುಂಟು, ಅಷ್ಟಕ್ಕೇ ಹೆದರಬೇಕಾಗಿಲ್ಲ. ಗ್ಯಾಸ್ಕೆಟ್ ಬದಲಿಸಿ, ಹೆಡ್ಡನ್ನು ಲೇತಿನವರಲ್ಲಿ ಮಟ್ಟ ಮಾಡಿಸಲು 8,000ದಿಂದ 15,000 ಬೇಕು. ಎಂಜಿನ್ ಪೂರ್ತಿ ಬಿಚ್ಚಿ ಬೋರ್ ಕೆಲಸ (ಸವೆದ ಸಿಲಿಂಡರನ್ನು ಕೊರೆದು ಸರಿಪಡಿಸುವುದು) ಮಾಡಿಸಬೇಕಾದರೆ 30,000 ದಾಟುತ್ತದೆ.

ಈ ದೋಷವನ್ನು ಮರೆಮಾಚುವ ಅಡ್ಡದಾರಿಯೊಂದು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ವಾಲ್ವ್ ಕಿತ್ತುಹಾಕಿ, ರೇಡಿಯೇಟರಿನ ಫ್ಯಾನನ್ನು ‘ಡೈರೆಕ್ಟ್’ ಮಾಡಿಬಿಡುತ್ತಾರೆ, ಅಂದರೆ ಶಾಖ ತಿಳಿಯುವ ಸೆನ್ಸರನ್ನು ಬಿಟ್ಟು ಸದಾ ತಿರುಗುವಂತೆ ವೈರ್ ಜೋಡಿಸುತ್ತಾರೆ. ಎ.ಸಿ. ಹಾಕದಿದ್ದರೂ ಕೀಲಿ ತಿರುಗಿಸಿದೊಡನೆ ಫ್ಯಾನ್ ತಿರುಗತೊಡಗಿದರೆ ಏಕೆಂದು ಕೇಳಲೇಬೇಕು. ಸರಿಯಾದ ಕಾರಿನಲ್ಲಿ, ಎ.ಸಿ. ಆರಿಸಿ ಹದಿನೈದು ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿದಾಗ ಫ್ಯಾನ್ ತಾನಾಗಿ ಶುರುವಾಗಿ, ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ. ಕಾದು ನೋಡುವ ತಾಳ್ಮೆಯಿಲ್ಲದೆ ಈ ಪರೀಕ್ಷೆಯನ್ನು ಬಿಡಬೇಡಿ. ವಾಲ್ವು ಮತ್ತು ಸೆನ್ಸರ್ ಹೊಸದಾಗಿ ಹಾಕಿಸಲು 2,000 ಸಾಕು, ಆದರೆ ಅವನ್ನು ಏಕೆ ಕಿತ್ತರು ಎಂಬುದು ಮುಖ್ಯ.

ಮೂರನೆಯದು ಹೊಗೆ ಮತ್ತು ದೀಪಗಳು. ಚಳಿಯ ಬೆಳಿಗ್ಗೆ ಬರುವ ತೆಳು ಬಿಳಿ ಆವಿ ಬೇಗ ಮಾಯವಾಗಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕೀಲಿಯನ್ನು ಆನ್‌ಗೆ ತಿರುಗಿಸಿದಾಗ ಆಯಿಲ್ ದೀಪವೂ ಎಂಜಿನ್ ದೀಪವೂ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಿಕೊಳ್ಳಲೇ ಇಲ್ಲವಾದರೆ ಯಾರೋ ಅದರ ಸಂಪರ್ಕ ತಪ್ಪಿಸಿರಬಹುದು.

ಮುಂದೆ ಕ್ಲಚ್. ಏರಿನಲ್ಲಿ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನಿನ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸಿ; ಸುಮಾರು 6,000 ಆಗುತ್ತದೆ. ಪ್ಲೇಟೊಂದನ್ನೇ ಹಾಕಿಸಿ ಹಣ ಉಳಿಸಲು ಹೋದವರು ಮತ್ತೆ ಗೇರ್‌ಬಾಕ್ಸ್ ಇಳಿಸುವ ಲೇಬರ್ ಕೊಡುವುದನ್ನು ನೋಡಿದ್ದೇನೆ.

ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಸಮಯಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ಮಾದರಿಯನ್ನು ಗಮನಿಸಬೇಕು. 796 ಸಿ.ಸಿ.ಯ ಆಲ್ಟೊ 800ರಲ್ಲಿ ಬೆಲ್ಟ್ ಇದೆ, 998 ಸಿ.ಸಿ.ಯ ಆಲ್ಟೊ ಕೆ10ರಲ್ಲಿ ಚೈನ್ ಇದೆ. ಬೆಲ್ಟ್ ತುಂಡಾದರೆ ಎಂಜಿನ್ ಇದ್ದಲ್ಲೇ ನಿಂತುಬಿಡುತ್ತದೆ. ಅದನ್ನು ಬದಲಿಸಿದ ಬಿಲ್ ಇಲ್ಲದಿದ್ದರೆ, ಮಾರುವವರು ಏನೇ ಹೇಳಲಿ, ಬದಲಿಸಿಲ್ಲವೆಂದೇ ಎಣಿಸಿ 3,000 ತೆಗೆದಿಡಿ.

ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ವೃತ್ತಾಕಾರವಾಗಿ ಓಡಿಸಿದಾಗ ಟಕಟಕ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ; ಒಂದು ಬದಿಗೆ 2,000ದಿಂದ 3,000. ಟೈರಿನ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ಅದು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ: 2319 ಎಂದರೆ 2019ರ 23ನೆಯ ವಾರ. ನಾಲ್ಕೂ ಟೈರ್ ಹೊಸದಾಗಿ ಬೇಕಾದರೆ 11,000, ಬ್ಯಾಟರಿಗೆ 4,000. ಎ.ಸಿ. ತಣ್ಣಗಾಗದಿದ್ದರೆ ‘ಗ್ಯಾಸ್ ತುಂಬಿಸಿದರೆ ಸಾಕು’ ಎಂಬ ಮಾತನ್ನು ನಂಬಬೇಡಿ. ಕಂಪ್ರೆಸರ್ ಕೆಟ್ಟಿದ್ದರೆ 12,000ಕ್ಕಿಂತ ಕಡಿಮೆಯಲ್ಲಿ ಮುಗಿಯುವುದಿಲ್ಲ.

ಹಳೆಯ ಡೀಸೆಲ್ ಕಾರು ಅದೇ ಬೆಲೆಗೆ ಸಿಕ್ಕಿತೆಂದು ಆಸೆಪಡುವವರು ಅದರ ಇಂಜೆಕ್ಟರ್ ಮತ್ತು ಟರ್ಬೊ ಕೆಲಸಕ್ಕೆ ತಗಲುವ ಹಣವನ್ನು ಮೊದಲು ವಿಚಾರಿಸಲಿ. ತಿಂಗಳಿಗೆ ಸಾವಿರ ಕಿಲೋಮೀಟರೂ ಓಡಿಸದವರಿಗೆ ಪೆಟ್ರೋಲ್ ಕಾರೇ ಸರಿ.

ಪರೀಕ್ಷೆ ಮುಗಿದ ಮೇಲೆ, ಕಂಡ ದೋಷಗಳ ಖರ್ಚನ್ನು ಮಾರುವವರ ಎದುರಿಗೇ ಒಂದು ಹಾಳೆಯಲ್ಲಿ ಬರೆದು ಕೂಡಿ, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಹೆಡ್ ಗ್ಯಾಸ್ಕೆಟ್ಟಿನ ಅನುಮಾನವಿದ್ದರೆ ಎಷ್ಟು ಇಳಿಸಿದರೂ ಬೇಡ. ಸಾಲ ತೀರಿದೆಯೇ, ದಂಡ ಬಾಕಿಯಿದೆಯೇ ಎಂಬುದನ್ನು ವಾಹನದ ನಂಬರು ಹಾಕಿ ಆನ್‌ಲೈನಿನಲ್ಲಿ ನೋಡಿಕೊಂಡು, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿಯಾದ ಬಳಿಕವೇ ಉಳಿದ ಹಣ ಕೊಡಿ. ಕಾರು ಮನೆಗೆ ಬಂದ ಮೊದಲ ವಾರದಲ್ಲೇ ಆಯಿಲ್, ಫಿಲ್ಟರ್ ಮತ್ತು ಕೂಲಂಟ್ ಬದಲಿಸಿ, ಅಂದಿನ ಕಿಲೋಮೀಟರನ್ನು ಬಿಲ್ಲಿನ ಮೇಲೆ ಬರೆದಿಡಿ.