ಹಸಿವಿಲ್ಲದ ಹೊತ್ತಿನಲ್ಲಿ ಕೈ ಡಬ್ಬಿಗೆ ಹೋಗುವುದೇಕೆ: ನನ್ನ ಅನುಭವ

ಮನಸ್ಸಿನ ಕಾರಣಕ್ಕೆ ತಿನ್ನುವವರೆಂದರೆ ದುಃಖದಲ್ಲಿ ಮುಳುಗಿದವರು ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನನಗೆ ಕಂಡ ಕಾರಣ ಬೇರೆ: ದಿನವಿಡೀ ಬಿಗಿಹಿಡಿದದ್ದು ಸಡಿಲವಾಗುವ ಗಳಿಗೆ. ನಾನು ಬ್ಯಾಂಕಿನ ನಗದು ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಲೆಕ್ಕ ತಾಳೆಯಾಗುವವರೆಗೂ ಹಸಿವಿನ ನೆನಪೇ ಬರುವುದಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ಚಕ್ಕುಲಿ, ನಿಪ್ಪಟ್ಟು, ಖಾರಾಬೂಂದಿ, ಯಾವ ಡಬ್ಬಿ ಸಿಕ್ಕರೆ ಅದು. ಮನೆಯವರು ಇದನ್ನು ಬಾಯಿಚಪಲವೆಂದರು. ಆ ವಿವರಣೆ ನನಗೆ ಸಾಲದೆನಿಸಿ ಒಂದು ನೋಟುಪುಸ್ತಕ ಇಟ್ಟೆ.

ಅದರಲ್ಲಿ ತೂಕವನ್ನಾಗಲಿ, ಕ್ಯಾಲೊರಿಯನ್ನಾಗಲಿ, ಎಷ್ಟು ತಿಂದೆನೆಂಬುದನ್ನಾಗಲಿ ಬರೆಯಲಿಲ್ಲ. ಅಂಕಿ ಬರೆದೊಡನೆ ಮನಸ್ಸು ತೀರ್ಪು ಕೊಡಲು ಕೂರುತ್ತದೆ, ಆ ತೀರ್ಪಿನ ಕಹಿಯೇ ಮತ್ತೊಮ್ಮೆ ತಿನ್ನಲು ಕಾರಣವಾಗುತ್ತದೆ. ಬರೆದದ್ದು ಇಷ್ಟು: ಈಗ ಗಂಟೆಯೆಷ್ಟು, ಕೊನೆಯ ಊಟ ಯಾವಾಗ, ಕಳೆದ ಎರಡು ಮೂರು ಗಂಟೆಗಳಲ್ಲಿ ಏನಾಯಿತು, ಈ ಬಯಕೆ ದೇಹದಲ್ಲಿ ಎಲ್ಲಿದೆ. ಡಬ್ಬಿ ತೆರೆಯುವ ಮೊದಲೇ ಬರೆಯಬೇಕು ಎಂಬುದೊಂದೇ ನಿಯಮ, ಏಕೆಂದರೆ ತಿಂದ ಮೇಲೆ ಬರೆದರೆ ಮನಸ್ಸು ಕಾರಣವನ್ನು ಹೊಸದಾಗಿ ಕಟ್ಟಿಕೊಡುತ್ತದೆ. ಬರೆದ ನಂತರವೂ ತಿನ್ನಬೇಕೆನಿಸಿದರೆ ತಿನ್ನುತ್ತಿದ್ದೆ.

ಜೊತೆಗೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ: ಈಗ ಯಾರಾದರೂ ಬಿಸಿ ಅನ್ನ, ತಿಳಿಸಾರು ಬಡಿಸಿದರೆ ಉಣ್ಣುವೆನೇ? ಉಣ್ಣುವೆನೆಂದಾದರೆ ಅದು ಹೊಟ್ಟೆಯ ಹಸಿವು. ಅನ್ನ ಬೇಡ, ಗರಿಗರಿಯಾದ ಖಾರವೇ ಬೇಕು, ಈಗಲೇ ಬೇಕು ಎಂದಾದರೆ ಹುಡುಕಬೇಕಾದದ್ದು ಬೇರೆಡೆ ಇದೆ. ಬಯಕೆ ಎಲ್ಲಿದೆ ಎಂಬ ಅಂಕಣವೂ ಇದನ್ನೇ ಹೇಳುತ್ತಿತ್ತು. ನಿಜವಾದ ಹಸಿವು ಹೊಟ್ಟೆಯಲ್ಲಿ ನಿಧಾನವಾಗಿ ಏರುತ್ತಿತ್ತು, ಇನ್ನೊಂದು ಬಗೆಯದು ದವಡೆಯಲ್ಲಿ, ಗಂಟಲಲ್ಲಿ ಥಟ್ಟನೆ ಬರುತ್ತಿತ್ತು.

ಪುಟಗಳು ತುಂಬಿದಂತೆ ಮೊದಲು ಕಂಡದ್ದು ಭಾವನೆಯೇ ಅಲ್ಲ, ಮಧ್ಯಾಹ್ನದ ಊಟ. ಗ್ರಾಹಕರ ಸಾಲು ಕರಗದ ದಿನ ಡಬ್ಬಿಯ ಅರ್ಧ ಚಪಾತಿ ಹಾಗೆಯೇ ಉಳಿಯುತ್ತಿತ್ತು, ಆ ದಿನದ ಸಂಜೆಯ ಬಯಕೆಯಲ್ಲಿ ದೊಡ್ಡ ಪಾಲು ಬರೀ ಹಸಿವೇ ಆಗಿತ್ತು. ಇದನ್ನು ಬೇರ್ಪಡಿಸದೆ ಮನಸ್ಸನ್ನು ಶೋಧಿಸುವುದು ವ್ಯರ್ಥವೆಂದು ನಾನು ದೃಢವಾಗಿ ನಂಬುತ್ತೇನೆ. ನಿದ್ದೆಯದೂ ಅದೇ ಕಥೆ. 2004ರಲ್ಲಿ ಪ್ರಕಟವಾದ ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ 12 ಆರೋಗ್ಯವಂತ ಯುವಕರಲ್ಲಿ, ಹತ್ತು ಗಂಟೆ ಮಲಗಿದಾಗಿನ ಪ್ರಮಾಣಕ್ಕೆ ಹೋಲಿಸಿದರೆ, ಹಸಿವನ್ನು ತಣಿಸುವ ಹಾರ್ಮೋನು ಲೆಪ್ಟಿನ್ ಶೇ 18ರಷ್ಟು ಇಳಿದು, ಹಸಿವನ್ನು ಎಬ್ಬಿಸುವ ಹಾರ್ಮೋನು ಗ್ರೆಲಿನ್ ಶೇ 28ರಷ್ಟು ಏರಿತ್ತು. ಮಾರ್ಚ್ ಕೊನೆಯ ವಾರದ, ವರ್ಷಾಂತ್ಯದ ಲೆಕ್ಕದ ದಿನಗಳ ನನ್ನ ಪುಟಗಳೇಕೆ ಅಷ್ಟು ದಟ್ಟವಾಗಿದ್ದವೆಂಬುದು ಆಗ ಅರ್ಥವಾಯಿತು.

ಊಟ, ನಿದ್ದೆ ಎರಡೂ ಸರಿಯಿದ್ದ ದಿನಗಳಲ್ಲೂ ಉಳಿದುಕೊಂಡ ಬಯಕೆಯೇ ನಿಜವಾಗಿ ಮನಸ್ಸಿನದು. ಒತ್ತಡದ ಆರಂಭದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹಸಿವನ್ನು ಅಡಗಿಸುತ್ತದೆ. ಆಮೇಲೂ ರಕ್ತದಲ್ಲಿ ಉಳಿಯುವ ಕಾರ್ಟಿಸಾಲ್ ಎಂಬ ಇನ್ನೊಂದು ಒತ್ತಡದ ಹಾರ್ಮೋನು ಹಸಿವನ್ನು ಕೆರಳಿಸುತ್ತದೆ, ಹಲವರಲ್ಲಿ ಸಿಹಿ ಮತ್ತು ಜಿಡ್ಡಿನ ಪದಾರ್ಥಗಳತ್ತಲೇ ಎಳೆಯುತ್ತದೆ. ಹೀಗಾಗಿ ಕಾರಣ ಬೆಳಿಗ್ಗೆ ಹನ್ನೊಂದಕ್ಕೆ ಸಂಭವಿಸಿ, ಕೈ ಡಬ್ಬಿಗೆ ಹೋಗುವುದು ಸಂಜೆ ಆರಕ್ಕೆ. ನನ್ನ ಪುಟಗಳಲ್ಲಿ ಮತ್ತೆ ಮತ್ತೆ ಬಂದದ್ದು ದೊಡ್ಡ ಸಂಕಟಗಳಲ್ಲ. ಗ್ರಾಹಕರ ಕಟುಮಾತಿಗೆ ಉತ್ತರ ಕೊಡಲಾಗದೆ ನುಂಗಿಕೊಂಡದ್ದು, ಫೋನಿನಲ್ಲಿ ಊರಿನವರ ದೂರು ಕೇಳಿ ಹೂಂಗುಟ್ಟಿದ್ದು, ಇಂಥವು. ಹೇಳದೆ ಉಳಿದ ಮಾತು ಇದ್ದ ದಿನಗಳಲ್ಲಿ ಗರಿಗರಿಯಾದದ್ದೇ ಬೇಕಾಗುತ್ತಿತ್ತು.

ಇನ್ನೊಂದು ಬಗೆಯನ್ನೂ ಪ್ರತ್ಯೇಕಿಸಬೇಕಾಯಿತು. ನೆದರ್‌ಲ್ಯಾಂಡ್ಸ್‌ನ ತತ್ಯಾನಾ ವಾನ್ ಸ್ಟ್ರೀನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ 33 ಪ್ರಶ್ನೆಗಳ ಪ್ರಶ್ನಾವಳಿಯು ಭಾವನೆಯಿಂದ ತಿನ್ನುವುದು, ಕಣ್ಣಿಗೆ ಕಂಡದ್ದರಿಂದ ತಿನ್ನುವುದು, ತೂಕದ ಚಿಂತೆಯಿಂದ ಬಿಗಿಹಿಡಿಯುವುದು ಎಂದು ಮೂರನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಗೌರಿಹಬ್ಬದ ಬಾಗಿನದ ಮನೆಯಲ್ಲಿ ಕಜ್ಜಾಯ ತಿಂದದ್ದು ಎರಡನೆಯದು. ಅದಕ್ಕೆ ನೋಟುಪುಸ್ತಕ ಬೇಕಿಲ್ಲ, ಹಬ್ಬಕ್ಕೆ ತಿನ್ನಬೇಕು.

ಮಾಡಿಕೊಂಡ ಬದಲಾವಣೆಗಳು ಕೆಲವೇ. ಮಧ್ಯಾಹ್ನ ಸಾಲು ಎಷ್ಟಿದ್ದರೂ ಸರದಿಯ ಪ್ರಕಾರ ಎದ್ದು ಪೂರ್ತಿ ಉಣ್ಣುತ್ತೇನೆ. ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿದು ನಡೆಯುತ್ತೇನೆ, ನಡೆಯುವಾಗ ನುಂಗಿಕೊಂಡ ಮಾತನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿಬಿಡುತ್ತೇನೆ. ಡಬ್ಬಿಗಳಿಗೆ ಬೀಗ ಹಾಕಿಲ್ಲ; ತಿನ್ನುವುದಾದರೆ ತಟ್ಟೆಗೆ ಹಾಕಿಕೊಂಡು ಕೂತು ತಿನ್ನುತ್ತೇನೆ.

ಈ ಬಗೆಯ ಟಿಪ್ಪಣಿ ಎಲ್ಲರಿಗೂ ಸಾಲದು. ನಿಲ್ಲಿಸಲಾಗದಂತೆ, ಹೊಟ್ಟೆ ನೋಯುವಷ್ಟು, ಯಾರಿಗೂ ಕಾಣದಂತೆ ತಿನ್ನುವುದು ವಾರವಾರವೂ ಮರುಕಳಿಸುತ್ತಿದ್ದರೆ, ತಿಂದದ್ದನ್ನು ವಾಂತಿ ಮಾಡಿ ಹೊರಹಾಕಬೇಕೆನಿಸುತ್ತಿದ್ದರೆ, ಅದು ಚಿಕಿತ್ಸೆ ಬೇಕಾದ ಕಾಯಿಲೆಯಾಗಿರಬಹುದು, ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.