ಕೆಮ್ಮಿನ ಸಿರಪ್ ಬಾಯಿಬಿಟ್ಟಿತು

"ರೋಗ ಏನಂತಲೇ ಬರೆದಿಲ್ಲದ ಬಿಲ್ಲುಗಳಲ್ಲಿ ಔಷಧದ ಅಡ್ಡಪರಿಣಾಮ ಹುಡುಕ್ತೀರಾ?" ಅಂತ ನಮ್ಮ ಆಸ್ಪತ್ರೆ ಸಮಿತಿಯ ಹಿರಿಯರೊಬ್ಬರು ನಕ್ಕಿದ್ದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಕೈಲಿದ್ದದ್ದು ಆಸ್ಪತ್ರೆ ಫಾರ್ಮಸಿಯ ಆರು ವರ್ಷದ ಬಿಲ್ಲಿಂಗ್ ಸಾಲುಗಳು, ಅಷ್ಟೇ. ರೋಗಿಯ ನಂಬರು, ಹೆಸರು, ವಯಸ್ಸು, ಲಿಂಗ, ತಾರೀಖು, ಔಷಧ, ಎಷ್ಟು ಮಾತ್ರೆ. ಹತ್ತಿರ ಹತ್ತಿರ ಒಂಬತ್ತು ಲಕ್ಷ ಸಾಲು.

ಅದಕ್ಕೂ ಮುಂಚೆ ಎಲ್ಲರ ದಾರಿಯಲ್ಲೇ ನಡೆದಿದ್ದೆ. ಅಡ್ಡಪರಿಣಾಮ ಕಂಡರೆ ಬರೆದು ಕಳಿಸುವ ಎಡಿಆರ್ ಫಾರ್ಮ್ ಅಚ್ಚು ಹಾಕಿಸಿ ವಾರ್ಡುವಾರ್ಡಿಗೂ ಹಂಚಿದೆ. ವರ್ಷಕ್ಕೆ ಬಂದದ್ದು ಇಪ್ಪತ್ತೋ ಇಪ್ಪತ್ತೆರಡೋ, ಅದರಲ್ಲೂ ಅರ್ಧದಷ್ಟು ಒಬ್ಬರೇ ನರ್ಸ್ ಬರೆದದ್ದು. ಪಿಆರ್‌ಆರ್ (ಬೇರೆ ಔಷಧಗಳ ವರದಿಗಿಂತ ಈ ಔಷಧದ ವರದಿಯಲ್ಲಿ ಆ ತೊಂದರೆಯ ಪಾಲು ಎಷ್ಟು ಪಟ್ಟು) 2, ಕೈ-ಸ್ಕ್ವೇರ್ (ಅದು ಆಕಸ್ಮಿಕವೋ ಎಂದು ನೋಡುವ ಅಂಕಿ) 4, ಕನಿಷ್ಠ 3 ಕೇಸು ಅನ್ನುವ ಕೊಳಗವೇನೋ ಇತ್ತು, ಅಳೆಯಲು ಕಾಳಿರಲಿಲ್ಲ. ಆಮೇಲೆ ಲೈಸೆನ್ಸಿನ ಸಾಫ್ಟ್‌ವೇರ್ ತರಿಸಿದೆವು. ವರ್ಷದ ಬಜೆಟ್ಟಿನ ಮುಕ್ಕಾಲು ಪಾಲು ಅದೇ ನುಂಗಿತು. ಅದೇ ಇಪ್ಪತ್ತು ಕೇಸನ್ನು ಬಣ್ಣಬಣ್ಣದ ಚಿತ್ರ ಮಾಡಿ ತೋರಿಸಿತು!

ಕಡೆಗೆ ಕೈಹಿಡಿದದ್ದು ಸೀಕ್ವೆನ್ಸ್ ಸಿಮೆಟ್ರಿ: ಎರಡು ಔಷಧದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಶುರುವಾಯಿತು ಎಂದು ಎಣಿಸುವ ಲೆಕ್ಕ. ಹೃದಯ, ರಕ್ತನಾಳದ ಔಷಧ ತೆಗೆದುಕೊಂಡವರಿಗೆ ಆಮೇಲೆ ಖಿನ್ನತೆಯ ಮಾತ್ರೆ ಬೇಕಾಗುತ್ತದೆಯೇ ಎಂದು 1996ರಲ್ಲಿ ಸಂಶೋಧಕ ಹಲ್ಲಾಸ್ ನೋಡಿದ್ದು ಇದರಿಂದಲೇ. ನಾನು ಪರೀಕ್ಷೆಗೆ ಇಟ್ಟದ್ದು ಎನಾಲಾಪ್ರಿಲ್ ಮತ್ತು ಕೆಮ್ಮಿನ ಸಿರಪ್. ಬಿಪಿಗೂ ಹೃದಯಕ್ಕೂ ಕೊಡುವ ಎನಾಲಾಪ್ರಿಲ್ ಕೆಲವರಿಗೆ ಒಣಕೆಮ್ಮು ತರುವುದು ಗೊತ್ತಿರುವ ವಿಷಯ. ಗೊತ್ತಿರುವ ಕೆಮ್ಮನ್ನೇ ಹಿಡಿಯದ ಬಲೆ ಗೊತ್ತಿಲ್ಲದ್ದನ್ನು ಏನು ಹಿಡಿದೀತು?

ಎನಾಲಾಪ್ರಿಲ್ ನಂತರ ಸಿರಪ್ ಕೊಂಡವರನ್ನು ಅದಕ್ಕೂ ಮೊದಲೇ ಕೊಂಡವರಿಂದ ಭಾಗಿಸಿದರೆ ಬರುವುದೇ ಅನುಪಾತ, ಸಂಬಂಧವೇ ಇಲ್ಲದಿದ್ದರೆ ಅದು ಒಂದರ ಹತ್ತಿರ ಇರಬೇಕು. ಮೊದಲ ಸಲ ಐದರ ಮೇಲೆ ಬಂತು. ಒಂದು ದಿನ ನೆಲದ ಮೇಲೆ ಕಾಲಿರಲಿಲ್ಲ. ಮರುದಿನ ನೋಡಿದರೆ, ಎಷ್ಟೋ ವರ್ಷದಿಂದ ಎನಾಲಾಪ್ರಿಲ್ ನುಂಗುತ್ತಿದ್ದವರೆಲ್ಲ ದಾಖಲೆಯ ಮೊದಲ ತಿಂಗಳಲ್ಲೇ "ಹೊಸದಾಗಿ ಶುರು" ಮಾಡಿದವರಾಗಿ ಕೂತಿದ್ದಾರೆ. ಆಮೇಲೆ ಯಾವ ಸಿರಪ್ ಕೊಂಡರೂ ಅದು "ನಂತರ"ವೇ ತಾನೇ. ಮೊದಲ ಹನ್ನೆರಡು ತಿಂಗಳನ್ನು ಪೂರ್ತಿ ಕಿತ್ತುಹಾಕಿದೆ. ಎರಡೂ ಒಂದೇ ದಿನ ಕೊಂಡವರನ್ನೂ ಬಿಟ್ಟೆ. ಅನುಪಾತ ಕುಸಿದು ಒಂದರ ಹತ್ತಿರಕ್ಕೆ ಬಂತು. ಹಿರಿಯರು ಮತ್ತೆ ನಕ್ಕರು.

ಗುಟ್ಟು ರಟ್ಟಾದದ್ದು 412ನೇ ನಂಬರಿನಿಂದ. ನವೆಂಬರಿನಲ್ಲಿ ಎನಾಲಾಪ್ರಿಲ್, ಫೆಬ್ರವರಿಯಲ್ಲಿ ಎಳೆಮಕ್ಕಳಿಗೆ ಹಾಕುವ ಡ್ರಾಪ್ಸ್. ಬಿಪಿ ಮಾತ್ರೆ ನುಂಗುವವರಿಗೆ ಮಕ್ಕಳ ಡ್ರಾಪ್ಸ್ ಯಾಕೆ? ಹೊರರೋಗಿ ನಂಬರು ಪ್ರತಿ ಜನವರಿಗೂ ಒಂದರಿಂದ ಶುರುವಾಗುತ್ತಿತ್ತು! ಆರು ವರ್ಷಕ್ಕೆ ಆರು ಜನ 412. ಹೆಸರು, ವಯಸ್ಸು, ಲಿಂಗ ಹೊಂದಿಸಿ ಜೋಡಿಸಲು ನಾಲ್ಕು ತಿಂಗಳು ಹಿಡಿಯಿತು, ಇಬ್ಬರು ಹುಡುಗರಿಗೆ ಸಂಬಳ ಕೊಟ್ಟೆ. ಆದರೂ ಸಾಫ್ಟ್‌ವೇರಿಗೆ ಸುರಿದದ್ದರ ಕಾಲು ಭಾಗ ಆಗಲಿಲ್ಲ. ಒಂದೇ ಹೆಸರನ್ನು ನಾಲ್ಕು ಥರ ಟೈಪ್ ಮಾಡಿದ್ದನ್ನು ಹೇಗೆ ಒಂದು ಮಾಡಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಈಗ ಎನಾಲಾಪ್ರಿಲ್ ನಂತರ ಸಿರಪ್ ಸುಮಾರು 310 ಜನ, ಮೊದಲು ಸಿರಪ್ ಸುಮಾರು 150. ಆ ವರ್ಷಗಳಲ್ಲಿ ಸಿರಪ್ ಬರೆಯುವುದೇ ಏರುತ್ತಿದ್ದದ್ದರಿಂದ ಆ ಏರಿಕೆಯೊಂದರಿಂದಲೇ ಬರುವ ಅನುಪಾತ, ಅಂದರೆ ನಲ್ ಎಫೆಕ್ಟ್, ಲೆಕ್ಕ ಹಾಕಿ ಅದರಿಂದ ಭಾಗಿಸಿದೆ. ಉಳಿದದ್ದು 1.9ರ ಆಸುಪಾಸು. ಅದೇ ಲೆಕ್ಕ ಲೊಸಾರ್ಟಾನ್‌ಗೆ ಹಾಕಿದರೆ ಒಂದಕ್ಕೆ ಕೂದಲೆಳೆ ಹೆಚ್ಚು. ಎರಡೂ ಬಿಪಿ ಔಷಧವೇ, ಕೆಮ್ಮು ಮಾತ್ರ ಒಂದರ ಹಿಂದೆ. ನಿಜವಾದ ಅಂಕಿ ಇದಕ್ಕೂ ಹೆಚ್ಚಿರಬಹುದು: ಹೃದಯ ಸೋತವರು ಮೊದಲು ಕೆಮ್ಮುತ್ತಾ ಬಂದು ಸಿರಪ್ ಕುಡಿದು, ಆಮೇಲಷ್ಟೇ ಎನಾಲಾಪ್ರಿಲ್‌ಗೆ ಬರುತ್ತಾರೆ. ಅವರು ತಕ್ಕಡಿಯನ್ನು ಆಚೆ ಎಳೆಯುತ್ತಾರೆ.

ರುಚಿ ಹತ್ತಿದ ಮೇಲೆ ಬಿಡಲಾಗಲಿಲ್ಲ. ಬಿಪಿಯ ಅಮ್ಲೋಡಿಪಿನ್ ನಂತರ ಮೂತ್ರ ಹೆಚ್ಚಿಸಿ ಊತ ಇಳಿಸುವ ಫ್ಯೂರೋಸೆಮೈಡ್ ಚೆನ್ನಾಗಿಯೇ ಏರಿತು, ಕಾಲು ಊದಿದ್ದಕ್ಕೆ ಬರೆದದ್ದೇ ಇರಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಅದು ಕೊರತೆ ತರಬಲ್ಲ ವಿಟಮಿನ್ ಬಿ12, ಈ ಜೋಡಿ ಮಾತ್ರ ಮಂಗ ಮಾಡಿತು. ಅನುಪಾತ ಆಕಾಶಕ್ಕೆ ಹೋಯಿತು, ವಿಚಾರಿಸಿದರೆ ಒಬ್ಬ ವೈದ್ಯರು ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಎಲ್ಲರಿಗೂ ಎರಡನೇ ಭೇಟಿಯಲ್ಲಿ ಬಿ12 ಬರೆಯುತ್ತಾರಂತೆ, ಕೊರತೆ ಇರಲಿ ಬಿಡಲಿ.

ಆ ನರ್ಸಿನ ಫಾರ್ಮುಗಳನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಮೂರ್ಛೆರೋಗದ ಫೆನಿಟಾಯಿನ್ ಶುರುವಾದ ಮೇಲೆ ಚರ್ಮ ಸುಲಿದುಬಂದ ಅವರ ಒಂದು ಕೇಸು ನನ್ನ ಯಾವ ಅನುಪಾತದಲ್ಲೂ ಕಾಣುತ್ತಿರಲಿಲ್ಲ.

ಹಿರಿಯರು ಕಳೆದ ವಾರ ತಾವಾಗಿಯೇ ಚೀಟಿ ಕಳಿಸಿದ್ದಾರೆ: ವಾಂತಿ ನಿಲ್ಲಿಸುವ ಮೆಟೊಕ್ಲೋಪ್ರಮೈಡ್, ಆಮೇಲೆ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ. ಸಿಕ್ಕ ಜೋಡಿ ನಲವತ್ತೂ ದಾಟಿಲ್ಲ, ಲೆಕ್ಕಕ್ಕೆ ಕೂತಿದ್ದೇನೆ.